ಹಳೆಯ ಫ್ಲೆಮಿಶ್ ಎನ್‌ಗ್ರೇವಿಂಗ್‌ನ ಬಣ್ಣ ಆ ಕಾಲದ್ದೇ ಅಂತ ಹೇಗೆ ಗೊತ್ತಾಗುತ್ತದೆ?

ಬ್ರಸೆಲ್ಸ್‌ನ ಹಳೆ ಸಾಮಾನಿನ ಸಂತೆಯಲ್ಲಿ ನಿಮಗೆ ಸಿಕ್ಕಿದ್ದು ದೊಡ್ಡ ಮೀನು ಬೈಬಲ್ಲಿನ ಪ್ರವಾದಿ ಯೋನನನ್ನು ದಡಕ್ಕೆ ಉಗುಳುವ ಎನ್‌ಗ್ರೇವಿಂಗ್, ಅಂದರೆ ತಾಮ್ರದ ತಗಡು ಕೊರೆದು ಕಾಗದಕ್ಕೆ ಒತ್ತಿದ ಚಿತ್ರ. ಅದಕ್ಕೆ ಬಣ್ಣ ಕೈಯಿಂದ ಹಚ್ಚುತ್ತಿದ್ದರು. ಕೆಳಗೆ ‘ಎಂ. ಡೆ ವೋಸ್ ಇನ್ವೆಂಟರ್’ ಅಂತಿದೆ. ಬಣ್ಣ ಅಚ್ಚಾದ ಕಾಲದಲ್ಲೇ ಹಚ್ಚಿದ್ದಾ, ಆಮೇಲೆ ಯಾರಾದರೂ ಹಚ್ಚಿದ್ದಾ ಅನ್ನೋದು ನಿಮ್ಮ ಪ್ರಶ್ನೆ. ಮೊದಲು ಚಿತ್ರವನ್ನು ಫ್ರೇಮಿನಿಂದ ಹೊರಗೆ ತೆಗೆಯಿರಿ. ಮುಕ್ಕಾಲು ಪಾಲು ಉತ್ತರ ಹಾಳೆಯ ಹಿಂಬದಿಯಲ್ಲೇ ಇದೆ.

ಹಸಿರು ಬಣ್ಣ ಇರುವ ಜಾಗ ಹುಡುಕಿ: ಹುಲ್ಲು, ಮರ, ಸಮುದ್ರದ ಅಂಚು. ಆ ಕಾಲದಲ್ಲಿ ಹಸಿರಿಗೆ ಹೆಚ್ಚಾಗಿ ಬಳಸುತ್ತಿದ್ದದ್ದು ತಾಮ್ರದ ಕಿಲುಬು. ನಮ್ಮ ಮನೆಯ ತಾಮ್ರದ ಚೊಂಬಿಗೆ ಹುಳಿ ತಾಗಿ ಹಸಿರು ಕಟ್ಟುತ್ತಲ್ಲ, ಅಂಥದ್ದೇ. ತಾಮ್ರದ ತುಂಡುಗಳಿಗೆ ವಿನೆಗರ್‌ನ ಆವಿ ಹಿಡಿಸಿ, ಕಟ್ಟಿದ ಕಿಲುಬನ್ನು ಕೆರೆದು, ಅಂಟಿನಲ್ಲಿ ಕಲಸಿ ಹಚ್ಚುತ್ತಿದ್ದರು. ಅದು ನಿಧಾನಕ್ಕೆ ಕಾಗದವನ್ನು ತಿನ್ನುತ್ತದೆ. ನನ್ನ ಹತ್ತಿರ ಬೈಬಲ್ ಕಥೆಯ ತೋಬೀಯ ಮೀನು ಹಿಡಿಯುವ ಒಂದು ಹಾಳೆ ಇದೆ. ಮುಂದೆ ನದಿದಡ ಇನ್ನೂ ಹಸಿರಾಗಿದೆ. ತಿರುಗಿಸಿದರೆ ಅದೇ ದಡ ಕಂದು ನೆರಳಿನ ಹಾಗೆ ಮೂಡಿದೆ, ಒಂದು ಕಡೆ ಹಪ್ಪಳದಂತೆ ಬಿರಿದಿದೆ. ಇಂಥ ಕಂದು ಕಂಡರೆ ಬಣ್ಣ ಹಳೆಯದು ಅನ್ನೋಕೆ ಒಳ್ಳೆಯ ಆಧಾರ. ಕಾಣದಿದ್ದರೆ ಹೊಸದು ಅಂತ ತಕ್ಷಣ ತೀರ್ಮಾನಿಸಬೇಡಿ, ಹಸಿರಿಗೆ ಬೇರೆ ಬಣ್ಣಗಳೂ ಇದ್ದವು.

ಎರಡನೆಯದು ಹುಳು ತಿಂದ ತೂತು. ಭೂತಗನ್ನಡಿ ಹಿಡಿದು ತೂತಿನ ಅಂಚು ನೋಡಿ. ಬಣ್ಣ ತೂತಿನ ಒಳ ಅಂಚಿಗೂ ಇಳಿದಿದ್ದರೆ ಹುಳು ಮೊದಲು ಬಂತು, ಕುಂಚ ಆಮೇಲೆ ಬಂತು. ಮಡಿಕೆ ಮುರಿದ ಜಾಗದಲ್ಲೂ, ತೇಪೆ ಹಾಕಿದ ಜಾಗದಲ್ಲೂ ಹೀಗೇ ನೋಡಬಹುದು. ಹಳೆಯ ಬೈಬಲ್ ಪುಸ್ತಕಗಳಿಂದ ಹಾಳೆ ಕಿತ್ತು, ಬಣ್ಣ ಹಚ್ಚಿ, ಗೋಡೆಗೆ ತೂಗುಹಾಕುವವರಿಗೆ ಮಾರಿದ್ದು ಜಾಸ್ತಿ. ಅದಕ್ಕೇ ಇಷ್ಟು ಎಚ್ಚರ ಬೇಕು.

ಇನ್ನು ಆ ಹೆಸರು. ಮಾರ್ಟನ್ ಡೆ ವೋಸ್ (1532–1603) ಈಗಿನ ಬೆಲ್ಜಿಯಂನ ಆಂಟ್ವರ್ಪ್ ಊರಿನ ಚಿತ್ರಕಾರ. ‘ಇನ್ವೆಂಟರ್’ ಅಂದರೆ ಚಿತ್ರ ಬರೆದುಕೊಟ್ಟವರು ಅಷ್ಟೇ. ತಾಮ್ರದ ತಗಡು ಕೊರೆದವರ ಹೆಸರಿನ ಮುಂದೆ ‘ಸ್ಕಲ್ಪ್ಸಿಟ್’, ಪ್ರಕಾಶಕರ ಹೆಸರಿನ ಮುಂದೆ ‘ಎಕ್ಸ್‌ಕುಡಿಟ್’ ಅಂತ ಇರುತ್ತದೆ. ಆ ಎರಡನ್ನೂ ಹುಡುಕಿ. ಪ್ರಕಾಶಕರ ಹೆಸರು ಮುಖ್ಯ, ಯಾಕೆಂದರೆ ಒಂದೇ ತಗಡು ಕೈಯಿಂದ ಕೈಗೆ ಹೋಗಿ ಹತ್ತಾರು ವರ್ಷ ಅಚ್ಚಾಗುತ್ತಿತ್ತು.

ಬಣ್ಣ ಹಚ್ಚಿದವರ ಹೆಸರು ಮಾತ್ರ ಹಾಳೆಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ನನಗೆ ತುಂಬಾ ಬೇಜಾರಾಗುವುದು ಇದೇ. ಆಂಟ್ವರ್ಪಿನಲ್ಲಿ ಅದು ಒಂದು ಕಸುಬಾಗಿತ್ತು, ಅವರನ್ನು ‘ಅಫ್‌ಸೆಟ್ಟರ್’ ಅನ್ನುತ್ತಿದ್ದರು. 1570ರಲ್ಲಿ ಹೆಸರಾಂತ ಅಟ್ಲಾಸ್ ಹೊರತಂದ ಅಬ್ರಹಾಂ ಒರ್ಟೆಲಿಯಸ್ 1547ರಲ್ಲಿ ಅಲ್ಲಿನ ಚಿತ್ರಕಾರರ ಸಂಘಕ್ಕೆ ಸೇರಿದ್ದು ನಕ್ಷೆಗೆ ಬಣ್ಣ ಹಚ್ಚುವವರಾಗಿಯೇ. ಮುದ್ರಕ ಪ್ಲಾಂಟಿನ್‌ಗೆ ಬಣ್ಣ ಹಚ್ಚಿಕೊಡುತ್ತಿದ್ದವರಲ್ಲಿ ಮಿಂಕೆನ್ ಲೀಫ್ರಿಂಕ್ ಎಂಬ ಹೆಣ್ಣುಮಗಳೂ ಇದ್ದರು. ಅದೇ ಪ್ಲಾಂಟಿನ್ ಅಚ್ಚು ಹಾಕಿದ ಎಂಟು ಸಂಪುಟದ ಬೈಬಲ್ 1580ರಲ್ಲಿ ಫತೇಪುರ್ ಸಿಕ್ರಿಗೆ, ಅಕ್ಬರನ ಕೈಗೆ ತಲುಪಿತು. ಅದರಲ್ಲಿದ್ದಂಥ ಎನ್‌ಗ್ರೇವಿಂಗ್‌ಗಳನ್ನು ನೋಡಿಕೊಂಡು ಮೊಘಲ್ ಕಲಾವಿದರು ತಮ್ಮದೇ ಬಣ್ಣದಲ್ಲಿ ಚಿತ್ರ ಬರೆದರು.

ಫ್ರೇಮ್ ಬಿಚ್ಚುವಾಗ ಹಾಳೆ ರಟ್ಟಿಗೆ ಅಂಟಿದ್ದರೆ ಎಳೆಯಬೇಡಿ. ಹಿಂದೊಮ್ಮೆ ಫ್ರೇಮ್ ಅಂಗಡಿಯವರು ನನ್ನ ಒಂದು ಹಾಳೆಯನ್ನು ರಟ್ಟಿಗೆ ಅಂಟಿಸಿ, ಸುತ್ತಲಿನ ಖಾಲಿ ಅಂಚನ್ನೂ ಕತ್ತರಿಸಿಬಿಟ್ಟರು. ತಾಮ್ರದ ತಗಡು ಒತ್ತಿದ ತಗ್ಗಿನ ಗುರುತು ಆ ಅಂಚಿನಲ್ಲೇ ಇತ್ತು. ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಟಿದ್ದರೆ ಕಾಗದ ಸಂರಕ್ಷಣೆ ಮಾಡುವವರಿಗೇ ಕೊಡಿ. ಕಲೆ ಕಂಡಿತು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅಂಟಿನಲ್ಲಿ ಕಲಸಿದ ಬಣ್ಣ ನೀರು ತಾಗಿದರೆ ಎದ್ದುಬರುತ್ತದೆ.

ಹಗಲು ಬೆಳಕಿನಲ್ಲಿ ಹಿಂಬದಿಯ ಫೋಟೋ ತೆಗೆದು ಇಲ್ಲೇ ಹಾಕಿ. ಹಸಿರು ಇರುವ ಜಾಗದ್ದು ಹತ್ತಿರದಿಂದ ಇನ್ನೊಂದು ಇರಲಿ.