ಒಬ್ಬರೇ ಪ್ರವಾಸ ಹೋದರೆ ಮನಸ್ಸು ಹಗುರಾಗುತ್ತದಾ?

ಕೆಲವು ತಿಂಗಳಿಂದ ಯಾವುದೂ ಹಿಡಿಸುತ್ತಿಲ್ಲ, ಜತೆಗೆ ಬರುವವರು ಯಾರೂ ಇಲ್ಲ, ಒಬ್ಬನೇ ಎಲ್ಲಾದರೂ ಹೋಗಿಬಂದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಅಲ್ಲಿ ಹೋಗಿ ಇನ್ನೂ ಬೇಜಾರಾದರೆ ಏನು ಮಾಡೋದು ಅನ್ನುವ ಭಯವನ್ನೂ ಹೇಳಿಕೊಂಡಿದ್ದೀರಿ.

ಬೇಜಾರು ಬರಬಹುದು. ಅದರಲ್ಲೂ ಮೊದಲ ದಿನ ಸಂಜೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ.

ನಾನು ಮೊದಲ ಸಲ ಒಬ್ಬನೇ ಹೋದದ್ದು ಕೆಲಸ ಕಳೆದುಕೊಂಡು ಎರಡು ತಿಂಗಳಾದ ಮೇಲೆ. ಮನೆಯಲ್ಲಿ ಕೂತು ಕೂತು ಗೋಡೆಯ ಬಿರುಕುಗಳೆಲ್ಲ ಬಾಯಿಪಾಠ ಆಗಿದ್ದವು. ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು. ಕತ್ತಲಾಗುವ ಹೊತ್ತಿಗೆ ರೂಮಿಗೆ ಬಂದು, ಬಾಗಿಲು ಹಾಕಿ, ಬ್ಯಾಗನ್ನು ಮಂಚದ ಮೇಲಿಟ್ಟೆ ನೋಡಿ, ದುಃಖ ಒತ್ತರಿಸಿಕೊಂಡು ಬಂತು. ಇಷ್ಟು ದೂರ ಬಂದು ಅಳುವುದಕ್ಕೆ ದುಡ್ಡು ಬೇರೆ ಕೊಟ್ಟಿದ್ದೇನಲ್ಲ ಅನ್ನಿಸಿತು. ಅದೇ ರಾತ್ರಿ ವಾಪಸ್ ಹೋಗುವ ರೈಲು ಇದೆಯಾ ಅಂತ ಮೊಬೈಲ್‌ನಲ್ಲಿ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಇವತ್ತು ನಿಮಗೆ ಹೋಗಬೇಡಿ ಅಂತಲೇ ಬರೆಯುತ್ತಿದ್ದೆನೋ ಏನೋ.

ದೊಡ್ಡ ದೊಡ್ಡವರಿಗೂ ಹೀಗೆ ಆಗಿದೆ ಅಂತ ಆಮೇಲೆ ಗೊತ್ತಾಯಿತು. ಹೆಸರಾಂತ ಪ್ರವಾಸಿ ಇಬ್ನ್ ಬತೂತಾ 1325ರಲ್ಲಿ ಮೊರಾಕ್ಕೋದ ಟ್ಯಾಂಜಿಯರ್‌ನಿಂದ ಒಬ್ಬನೇ ಹೊರಟಾಗ ಅವನಿಗೆ 21 ವರ್ಷ. ದಾರಿಯಲ್ಲಿ ಯಾತ್ರಿಕರ ಗುಂಪೊಂದನ್ನು ಸೇರಿ ಟ್ಯೂನಿಸ್ ತಲುಪಿದ. ಊರಿನ ಜನ ಎದುರು ಬಂದು ತಮ್ಮ ತಮ್ಮ ಪರಿಚಯದವರನ್ನೆಲ್ಲ ಮಾತಾಡಿಸಿದರು. ಇವನನ್ನು ಕೇಳುವವರೇ ಇಲ್ಲ. ಅಲ್ಲೇ ಅತ್ತುಬಿಟ್ಟ. ಒಬ್ಬ ಯಾತ್ರಿಕ ಅದನ್ನು ಗಮನಿಸಿ, ಹತ್ತಿರ ಬಂದು, ಊರೊಳಗೆ ಹೋಗುವ ತನಕ ಮಾತಾಡಿಸಿಕೊಂಡು ಬಂದನಂತೆ. ಅತ್ತ ಆ ಹುಡುಗನೇ ಮುಂದೆ ಭಾರತ, ಮಾಲ್ಡೀವ್ಸ್ ಎಲ್ಲ ಸುತ್ತಿ, 24 ವರ್ಷ ಬಿಟ್ಟು ತನ್ನ ನಾಡಿಗೆ ಮರಳಿದ್ದು.

ನನ್ನ ಕಥೆಯಲ್ಲಿ ಅಷ್ಟು ಒಳ್ಳೆಯ ಯಾತ್ರಿಕ ಯಾರೂ ಬರಲಿಲ್ಲ. ಬೆಳಿಗ್ಗೆ ಬೇಗ ಎಚ್ಚರವಾಯಿತು, ಹಸಿವಾಗಿತ್ತು, ಹೊರಗೆ ಹೋಗಲೇಬೇಕಾಯಿತು. ದಾರಿ ಕೇಳಲು ಒಬ್ಬ ಹೆಂಗಸನ್ನು ಮಾತಾಡಿಸಿದೆ. ಆಗ ಹೊಳೆಯಿತು, ಮನೆಯವರನ್ನು ಬಿಟ್ಟು ಬೇರೆಯವರ ಜತೆ ಮಾತಾಡಿ ಎಷ್ಟೋ ದಿನ ಆಗಿತ್ತು ಅಂತ. ಅವರು ತೋರಿಸಿದ ದಾರಿ ತಪ್ಪಾಗಿತ್ತು, ಆ ಮಾತು ಬೇರೆ. ಸುಮಾರು ಒಂದು ಗಂಟೆ ಸುತ್ತಿದೆ. ಆ ಒಂದು ಗಂಟೆ ನನ್ನ ತಲೆಯಲ್ಲಿ ಕೆಲಸದ ಚಿಂತೆ ಇರಲಿಲ್ಲ. ಎಡಕ್ಕಾ ಬಲಕ್ಕಾ, ಅಷ್ಟೇ ಇತ್ತು.

ಒಬ್ಬರೇ ಹೋಗುವುದರಲ್ಲಿ ಏನಾದರೂ ಔಷಧಿ ಇದ್ದರೆ ಅದು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಬೆಟ್ಟ, ಸಮುದ್ರ ನೋಡಲು ಚಂದ, ನಿಜ. ಆದರೆ ಮನಸ್ಸು ಸೋತವನಿಗೆ ಸಮುದ್ರವೂ ಅರ್ಧ ಗಂಟೆಗೆ ಹಳೆಯದಾಗುತ್ತದೆ. ಎಲ್ಲಿ ತಿನ್ನಬೇಕು, ಎಷ್ಟು ಹೊತ್ತಿಗೆ ಏಳಬೇಕು, ಯಾವ ಬಸ್ಸು ಹತ್ತಬೇಕು ಅಂತ ನೀವೇ ತೀರ್ಮಾನಿಸಬೇಕು. ಫಲಿತಾಂಶವೂ ಆಗಲೇ ಸಿಗುತ್ತದೆ. ಬಸ್ಸು ಸರಿಯಿದ್ದರೆ ಊರು ಬರುತ್ತದೆ, ಇಲ್ಲದಿದ್ದರೆ ಇಳಿಯಬೇಕು. ಉತ್ಸಾಹ ಬಂದ ಮೇಲೆ ಮಾಡೋಣ ಅಂತ ಕಾಯದೆ, ಮೊದಲು ಸಣ್ಣ ಸಣ್ಣ ಕೆಲಸ ಮಾಡಿಸುವ ಪದ್ಧತಿ ಖಿನ್ನತೆಯ ಚಿಕಿತ್ಸೆಯಲ್ಲೂ ಇದೆ. ಪ್ರವಾಸದಲ್ಲಿ ಅದು ತಾನಾಗಿಯೇ ನಡೆಯುತ್ತದೆ. ಜತೆಗೆ ನಡಿಗೆ, ಬೆಳಗಿನ ಬಿಸಿಲು. ಬೆಳಗಿನ ಬೆಳಕು ಮೈಯೊಳಗಿನ ಗಡಿಯಾರವನ್ನು ಸರಿಮಾಡುವುದರಿಂದ ರಾತ್ರಿ ನಿದ್ದೆಯೂ ಸ್ವಲ್ಪ ಹತ್ತಿರ ಬರುತ್ತದೆ.

ಅದಕ್ಕೇ ಹೇಳೋದು, ಒಂದೇ ರಾತ್ರಿಗೆ ಹೋಗಬೇಡಿ. ಹಾಗೆ ಹೋದರೆ ನಿಮಗೆ ಸಿಗುವುದು ಆ ಕೆಟ್ಟ ಸಂಜೆ ಮಾತ್ರ. ಕಡಿಮೆ ಅಂದರೂ ಎರಡು ರಾತ್ರಿ ಇರಲಿ. ಮೊದಲ ಸಲಕ್ಕೆ ಹತ್ತು ದಿನವೂ ಬೇಡ, ಅಷ್ಟು ದಿನದ ಮೌನ ಭಾರವಾಗಬಹುದು. ಕತ್ತಲಾದ ಮೇಲೆ ಊರು ತಲುಪುವ ಹಾಗೆ ಟಿಕೆಟ್ ಮಾಡಬೇಡಿ, ಮಧ್ಯಾಹ್ನಕ್ಕೇ ತಲುಪಿ. ಜನ ಓಡಾಡುವ ಕಡೆ ರೂಮು ತೆಗೆದುಕೊಳ್ಳಿ, ಮೂಲೆಯ ಪ್ರಶಾಂತ ಜಾಗ ಮುಂದಿನ ಸಲಕ್ಕಿರಲಿ. ಎಲ್ಲಿ ಉಳಿದಿದ್ದೀರಿ ಅಂತ ಒಬ್ಬರಿಗಾದರೂ ತಿಳಿಸಿರಿ, ದಿನಾ ಒಂದು ಹೊತ್ತು ಫೋನ್ ಮಾಡಿ.

ಇನ್ನು, ವಾಪಸ್ ಬಂದ ಮೇಲಿನ ಮಾತು. ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನು ಕೇಳಿ ನಡೆಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ರಜೆಗೆ ಹೋಗುವವರು ಹೋಗುವ ಮುಂಚೆ ಬೇರೆಯವರಿಗಿಂತ ಖುಷಿಯಾಗಿದ್ದರು. ಬಂದ ಮೇಲೆ ಹೆಚ್ಚಿನವರಿಗೂ ಮನೆಯಲ್ಲೇ ಇದ್ದವರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ತುಂಬಾ ಆರಾಮವಾಗಿ ರಜೆ ಕಳೆದವರಿಗೆ ಮಾತ್ರ ಸ್ವಲ್ಪ ದಿನ ಆ ಖುಷಿ ಉಳಿಯಿತು. ನನಗೂ ಹಾಗೇ ಆಯಿತು. ಬಂದು ಮೂರನೇ ದಿನ ಅದೇ ಗೋಡೆ, ಅದೇ ಬಿರುಕು. ಆದರೆ ಕಾಯುವ ಖುಷಿಯೂ ಖುಷಿಯೇ ಅಲ್ವಾ? ಹಾಗಾಗಿ ಇವತ್ತೇ ಒಂದು ದಿನಾಂಕ ಗೊತ್ತು ಮಾಡಿ. ಎರಡು ಮೂರು ವಾರ ನಕ್ಷೆ ನೋಡುತ್ತಾ ಕಳೆಯಿರಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾವುದರಲ್ಲೂ ಆಸಕ್ತಿ ಇಲ್ಲದ್ದು ಎರಡು ವಾರಕ್ಕೂ ಜಾಸ್ತಿ ಎಡೆಬಿಡದೆ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮೊದಲು ವೈದ್ಯರನ್ನು ನೋಡಿ. ನೀವು ಕೆಲವು ತಿಂಗಳು ಅಂತ ಬರೆದಿದ್ದೀರಿ, ಅದಕ್ಕೇ ಹೇಳಿದೆ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಒಬ್ಬರೇ ಎಲ್ಲಿಗೂ ಹೋಗಬೇಡಿ, ಇವತ್ತೇ ಹತ್ತಿರದವರಿಗೆ ಹೇಳಿ.

ಹಾಗೇನಿಲ್ಲ, ಸುಮ್ನೆ ಮಂಕು ಕವಿದಿದೆ ಅಂತಾದರೆ ಹೊರಡಿ. ಮೊದಲ ಸಂಜೆ ರೂಮಿನಲ್ಲಿ ಕೂರಬೇಡಿ, ಬ್ಯಾಗ್ ಇಟ್ಟು ಹೊರಗೆ ಬನ್ನಿ. ವಾಪಸ್ ರೈಲು ಹುಡುಕುವುದಿದ್ದರೆ ಮಾರನೇ ದಿನ ಬೆಳಿಗ್ಗೆ ತಿಂಡಿ ಆದ ಮೇಲೆ ಹುಡುಕಿ.