ಆಪರೇಷನ್ ಇಲ್ಲದೆ ದವಡೆ ಕೀಲಿನ ನೋವು ಹತೋಟಿಗೆ ಬರುತ್ತದಾ?

ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಇದೆ, ಈಗ ಕಿವಿಯ ಮುಂದೆ ನೋವು, ಬೆಳಿಗ್ಗೆ ಬಾಯಿ ತೆರೆಯಲು ಆಗುತ್ತಿಲ್ಲ, ಆಪರೇಷನ್ ಬೇಕೇ ಬೇಕಾ ಅಂತ ಕುಮಟಾದಿಂದ ಕೇಳಿದ್ದೀರಿ. ನಾನು ಶಿರಸಿಯವಳು, ನನಗೂ ಇದೇ ಕಾಯಿಲೆ. ಡಾಕ್ಟರ್ ಅಲ್ಲ, ಆದರೆ ಈ ದವಡೆಯ ಜೊತೆ ಏಗಿ ಬಹಳ ವರ್ಷಗಳಾದವು.

ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ದವಡೆಯದೂ ಬೆರಳಿನ ಹಾಗೆ ಒಂದು ಕೀಲು. ಒಳಪದರ ಊದಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಹಾಗಾಗಿ ಮೊದಲ ಔಷಧ ಮೂಲ ಕಾಯಿಲೆಗೇ ಬೇಕು. ನನಗೆ ಕೈಗಂಟುಗಳ ಊತ ಇಳಿದಾಗ ದವಡೆಯೂ ಸಡಿಲವಾಯಿತು. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧ ಕೊಟ್ಟಿದ್ದರೆ ನೆನಪಿಡಿ: ಅದು ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಆಗಾಗ ರಕ್ತ, ಲಿವರ್ ಪರೀಕ್ಷೆ ಆಗಬೇಕು. ನೋವು ಹೋಯಿತು ಅಂತ ಸುಮ್ನೆ ನಿಲ್ಲಿಸಬೇಡಿ.

ಇನ್ನು ಒಂದು ಪ್ರಶ್ನೆ, ಅಮ್ಮ ಕವಳ (ಎಲೆ ಅಡಿಕೆ) ಹಾಕುತ್ತಾರಾ? ನಮ್ಮ ಕಡೆ ಇದನ್ನು ಕೇಳಲೇಬೇಕು. ಊಟವಾದ ಮೇಲೆ ಅಡಿಕೆ ಜಗಿಯುತ್ತಾ ಕೂತರೆ ಊದಿದ ಕೀಲಿಗೆ ವಿಶ್ರಾಂತಿಯೇ ಇಲ್ಲ. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಅಡಿಕೆಯಿಂದ ಬರುವ, ಬಾಯಿಯ ಒಳಪದರ ಗಟ್ಟಿಯಾಗುವ ಕಾಯಿಲೆಯಾದ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲೂ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಅಲ್ಲಿ ಖಾರ ತಿಂದರೆ ಬಾಯಿ ಉರಿ, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗಿರುತ್ತದೆ. ಕೀಲಿನದಾದರೆ ನೋವು ಕಿವಿಯ ಮುಂದೆ, ಬಿಗಿತ ಬೆಳಿಗ್ಗೆ ಜಾಸ್ತಿ. ಎರಡೂ ಒಟ್ಟಿಗೇ ಇರಬಹುದು. ಫೈಬ್ರೋಸಿಸ್ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುವುದರಿಂದ ದಂತವೈದ್ಯರಿಗೆ ಒಮ್ಮೆ ತೋರಿಸಿ. ತೋಟವನ್ನೇ ನಂಬಿದ ಮನೆಯವಳಾಗಿ ಹೇಳುತ್ತಿದ್ದೇನೆ, ಅಡಿಕೆ ಮಾರಿ, ಜಗಿಯಬೇಡಿ.

ಮನೆಯಲ್ಲಿ ಮಾಡುವುದು ಕಷ್ಟದ್ದೇನಲ್ಲ. ನೋವು ಕೆರಳಿದ ದಿನ ಗಂಜಿ, ತಂಬುಳಿ ಅನ್ನ, ಮೆತ್ತಗಿನ ಇಡ್ಲಿ. ಚಕ್ಕುಲಿ, ಹಲಸಿನ ಚಿಪ್ಸ್ ಬೇಡ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ದವಡೆಗೆ ಇಡಿ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಡಬೇಕು. ಸುಮ್ಮನಿರುವಾಗ ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ವ್ಯಾಯಾಮವನ್ನು ಮಾತ್ರ ಫಿಸಿಯೋಥೆರಪಿಸ್ಟ್ ಹತ್ತಿರವೇ ಕಲಿಯಿರಿ, ಎಳೆದಾಡಿ ಬಾಯಿ ತೆರೆಸಬೇಡಿ.

ರಾತ್ರಿ ಹಲ್ಲು ಕಡಿಯುವವರಿಗೆ ದಂತವೈದ್ಯರು ಅಳತೆ ತೆಗೆದು ಸ್ಪ್ಲಿಂಟ್ (ಹಲ್ಲಿನ ಮೇಲೆ ಹಾಕುವ ಕವಚ) ಮಾಡಿಕೊಡುತ್ತಾರೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಗಾರ್ಡ್ ನನಗೆ ಹಿಡಿಸಲಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಇಲ್ಲವೇ ಸೂಜಿಯಿಂದ ಕೀಲು ತೊಳೆಯುವ ವಿಧಾನ ಇದೆ. ಅದು ಕೊಯ್ದು ಮಾಡುವ ಆಪರೇಷನ್ ಅಲ್ಲ. ಕೀಲುವಾತದ ತಜ್ಞ ರುಮಟಾಲಜಿಸ್ಟ್‌ಗಾಗಿ ನಾವು ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಹೋಗುತ್ತೇವೆ, ನಿಮಗೆ ಮಣಿಪಾಲ, ಮಂಗಳೂರೂ ಆಗುತ್ತದೆ.

ಬಾಯಿ ಎಷ್ಟು ತೆರೆಯುತ್ತದೆ ಅಂತ ವಾರಕ್ಕೊಮ್ಮೆ ಮುಂದಿನ ಹಲ್ಲುಗಳ ನಡುವೆ ಸ್ಕೇಲಿನಲ್ಲಿ ಅಳೆದು ಬರೆದಿಡಿ. ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಇರುತ್ತದೆ. ಮೂರು ಬೆರಳಿನ ಅಳತೆ ಅಂತ ಹೇಳುವುದುಂಟು, ಆದರೆ ಊದಿದ ಬೆರಳಿಗೆ ಆ ಲೆಕ್ಕ ಸರಿಹೋಗಲ್ಲ ಅಲ್ವಾ! ಅಳತೆ ಇಳಿಯುತ್ತಾ ಹೋದರೆ, ಅಥವಾ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದೆ ನಡುವೆ ಸಂದಿ ಕಾಣಿಸಿದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.