ಊರಿಂದ ಬಂದ ಅಪ್ಪ-ಅಮ್ಮನ ಜೊತೆ ಏಳು ದಿನದಲ್ಲಿ ಯೂಟಾ, ಕೊಲರಾಡೊ ಸುತ್ತಬಹುದಾ?

ಬಾಡಿಗೆ ಕಾರು, ಊರಿಂದ ಬಂದ ಅಪ್ಪ-ಅಮ್ಮ, ಎಂಟು ವರ್ಷದ ಮಗಳು. ಏಳು ದಿನದಲ್ಲಿ ಅಮೆರಿಕದ ಯೂಟಾ ರಾಜ್ಯದ ಐದೂ ನ್ಯಾಷನಲ್ ಪಾರ್ಕ್ ಮುಗಿಸಿ ಪಕ್ಕದ ಕೊಲರಾಡೊದ ಬೆಟ್ಟದ ಊರುಗಳಿಗೂ ಹೋಗಬಹುದಾ ಎಂದು ಕೇಳಿದ್ದೀರಿ. ಏಳೇ ದಿನ ಅಂದರೆ ಕೊಲರಾಡೊ ಬಿಡಿ. ಅದೂ ಬೇಕು ಅಂದರೆ ಹತ್ತು ದಿನವಾದರೂ ಇಟ್ಟುಕೊಳ್ಳಿ. ನಾವು ಎಂಟು ದಿನದಲ್ಲಿ ಮುಗಿಸಲು ಹೋಗಿ ಸುಸ್ತಾದವರು, ಅದಕ್ಕೇ ಹೇಳುತ್ತಿದ್ದೇನೆ.

ನಾವು ಹೋಗಿದ್ದು ಸೆಪ್ಟೆಂಬರ್ ಕೊನೆಗೆ. ನಾನು, ಹೆಂಡತಿ, ಮಗ, ಬಾಗಲಕೋಟೆ ಕಡೆಯಿಂದ ಬಂದಿದ್ದ ಅಪ್ಪ, ಅವ್ವ. ಲಾಸ್ ವೇಗಸ್‌ನಲ್ಲಿ ಕಾರು ತೆಗೆದುಕೊಂಡೆವು. ಡಿಕ್ಕಿಯಲ್ಲಿ ಅವ್ವ ಮಾಡಿದ ನಲವತ್ತು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ರೈಸ್ ಕುಕ್ಕರ್. ಯೂಟಾದ ಹವೆ ಎಷ್ಟು ಒಣ ಅಂದರೆ ರೊಟ್ಟಿ ಕೊನೇವರೆಗೂ ಮೆತ್ತಗಾಗಲಿಲ್ಲ. ತುಟಿ, ಮೂಗು ಮಾತ್ರ ಒಡೆದವು. ವ್ಯಾಸಲೀನ್ ಮರೆಯಬೇಡಿ.

ಮೊದಲ ಪಾರ್ಕ್ ಝಯಾನ್‌ನಲ್ಲಿ ಸಾಮಾನ್ಯವಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಮುಖ್ಯ ಕಣಿವೆಯೊಳಗೆ ನಿಮ್ಮ ಕಾರು ಬಿಡುವುದಿಲ್ಲ. ಪಾರ್ಕಿನ ಬಸ್ಸು ಹತ್ತಬೇಕು, ಅದಕ್ಕೆ ಬೇರೆ ಟಿಕೆಟ್ ಇಲ್ಲ. ವಯಸ್ಸಾದವರಿಗೆ ಇದೇ ಆರಾಮ. ಕೊನೇ ಸ್ಟಾಪಿನಲ್ಲಿ ಇಳಿದರೆ ವರ್ಜಿನ್ ನದಿಯ ಪಕ್ಕದಲ್ಲೇ ಒಂದು ಮೈಲಿ ಸಿಮೆಂಟಿನ ದಾರಿ ಇದೆ. ಅಪ್ಪ ಅಲ್ಲಿನ ಬಂಡೆ ಮುಟ್ಟಿ ನೋಡಿ, "ಇದು ನಮ್ಮ ಬಾದಾಮಿ ಕಲ್ಲೇ ಐತಲ್ಲೋ" ಅಂದರು. ತಪ್ಪೇನಿಲ್ಲ, ಎರಡೂ ಕಬ್ಬಿಣದಂಶದಿಂದ ಕೆಂಪಾದ ಮರಳುಗಲ್ಲೇ. ಆದರೆ ಝಯಾನ್‌ನದು ಒಂದು ಕಾಲದ ಮರಳುಗಾಡಿನ ದಿಬ್ಬಗಳು ಗಟ್ಟಿಯಾಗಿ ಆದದ್ದು. ಬಾದಾಮಿಯದು ಅದಕ್ಕಿಂತ ಎಷ್ಟೋ ಕೋಟಿ ವರ್ಷ ಹಳೆಯದು. ಇದನ್ನು ಹೇಳಿದ ಮೇಲೆ ಅಪ್ಪನ ನಡಿಗೆಯೇ ಬದಲಾಯಿತು.

ಬ್ರೈಸ್ ಕ್ಯಾನಿಯನ್‌ಗೆ ಹೋಗುವಾಗ ಎತ್ತರ ನೆನಪಿರಲಿ. ನೀವು ನಿಂತು ನೋಡುವ ಅಂಚೇ 8,000ದಿಂದ 9,000 ಅಡಿ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಮೊದಲ ದಿನ ಅವ್ವನಿಗೆ ತಲೆನೋವು, ಏದುಸಿರು. ಸನ್‌ಸೆಟ್ ಪಾಯಿಂಟ್‌ನಿಂದ ಸನ್‌ರೈಸ್ ಪಾಯಿಂಟ್‌ಗೆ ಅರ್ಧ ಮೈಲಿ ಟಾರಿನ ದಾರಿ, ಹೆಚ್ಚು ಏರಿಳಿತ ಇಲ್ಲ, ಅಷ್ಟು ಸಾಕು. ಅಂಚಿನ ಕೆಳಗಿನ ಬಂಡೆಗಳ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಕಲ್ಲು ಒಡೆದು ಕಂಬಗಳಾಗಿವೆ. ಅವ್ವ ಕೆಳಗೆ ನೋಡಿ, "ಜಾತ್ರಿಗೆ ಮಂದಿ ನೆರದಂಗ ಐತಿ" ಅಂದಳು. ಆ ನೆಲದ ಮೂಲ ಜನ ಪೈಯೂಟರ ಕತೆಯೂ ಅದೇ: ಕೆಟ್ಟದ್ದು ಮಾಡಿದ ಮಂದಿಯನ್ನು ಕಯೋಟಿ (ತೋಳದ ಜಾತಿಯ ಪ್ರಾಣಿ) ಕಲ್ಲಾಗಿಸಿತಂತೆ.

ಅಲ್ಲಿಂದ ಕ್ಯಾಪಿಟಲ್ ರೀಫ್ ಪಾರ್ಕಿನ ಹತ್ತಿರದ ಊರು ಟೋರಿಗೆ ಹೋಗಲು ಹೈವೇ 12 ಹಿಡಿಯಿರಿ. ಬೌಲ್ಡರ್ ಎಂಬ ಊರಿನ ಹತ್ತಿರ ರಸ್ತೆ ಗುಡ್ಡದ ಬೆನ್ನಿನ ಮೇಲೇ ಹೋಗುತ್ತದೆ, ಎರಡೂ ಕಡೆ ಪ್ರಪಾತ. ಮ್ಯಾಪಿನಲ್ಲಿ ಎರಡೂವರೆ-ಮೂರು ಗಂಟೆ ತೋರಿಸುತ್ತದೆ. ನಮಗೆ ಆರು ಗಂಟೆ ಹಿಡಿಯಿತು, ಅಪ್ಪ ಪ್ರತಿ ತಿರುವಿಗೂ "ನಿಲ್ಸಪಾ" ಅನ್ನುತ್ತಿದ್ದರು. ಕತ್ತಲಾದ ಮೇಲೆ ಓಡಿಸಬೇಡಿ. ದನ, ಜಿಂಕೆ ರಸ್ತೆಗೇ ಬರುತ್ತವೆ.

ಜನ ಬಿಟ್ಟು ಹೋಗುವ ಕ್ಯಾಪಿಟಲ್ ರೀಫ್ ನಮ್ಮ ಮನೆಯವರಿಗೆ ಎಲ್ಲಕ್ಕಿಂತ ಹಿಡಿಸಿತು. ಆ ಕೆಂಪು ಬಂಡೆಗಳ ನಡುವೆ ಫ್ರೂಟಾ ಎಂಬ ಹಳ್ಳಿ ಇತ್ತು, 1880ರ ದಶಕದಲ್ಲಿ ಮಾರ್ಮನ್ ಎಂಬ ಪಂಥದ ಕುಟುಂಬಗಳು ಬಂದು ನೆಲೆಸಿದ್ದು. ಹಳ್ಳಿಯವರು ಹೋದರು, ಅವರ ಹಣ್ಣಿನ ತೋಟಗಳನ್ನು ಈಗ ಪಾರ್ಕಿನವರೇ ನೋಡಿಕೊಳ್ಳುತ್ತಾರೆ. ಕೀಳಲು ಬಿಟ್ಟಿರುವ ತೋಟದಲ್ಲಿ ನಾವೇ ಸೇಬು ಕಿತ್ತೆವು. ಅಲ್ಲೇ ತಿಂದದ್ದಕ್ಕೆ ದುಡ್ಡಿಲ್ಲ, ಒಯ್ಯುವುದಕ್ಕೆ ತೂಕ ಮಾಡಿ ದುಡ್ಡನ್ನು ಡಬ್ಬಿಗೆ ಹಾಕಬೇಕು. ಅವ್ವ ಎರಡು ಗಂಟೆ ಅಲ್ಲಿಂದ ಏಳಲಿಲ್ಲ. ಗಿಡಕ್ಕೆ ನೀರು ಬಿಡುವ ಕಾಲುವೆ ನೋಡುತ್ತಾ ಕೂತಿದ್ದಳು.

ಮೋಆಬ್ ಎಂಬ ಊರಿನಿಂದ ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್ ಪಾರ್ಕ್ ಎರಡೂ ಹತ್ತಿರ. ಆರ್ಚಸ್‌ನ ಕಲ್ಲಿನ ಕಮಾನು ಡೆಲಿಕೇಟ್ ಆರ್ಚ್‌ಗೆ ಹೋಗಿ ಬರಲು ಮೂರು ಮೈಲಿ, ನೆರಳಿಲ್ಲದ ಬಂಡೆ ಏರು. ಅಪ್ಪ-ಅಮ್ಮನಿಗೆ ಬೇಡ. ಕೆಳಗಿನ ವ್ಯೂಪಾಯಿಂಟ್‌ನಿಂದ ದೂರಕ್ಕೆ ಕಾಣುತ್ತದೆ, ಸಾಕು.

ಕೊಲರಾಡೊದಲ್ಲಿ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಮೋಆಬ್‌ನಿಂದ ಸೀದಾ ಯೂರೇಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಸಿಲ್ವರ್‌ಟನ್‌ಗೆ ಇಳಿದೆವು. ಆ ರಸ್ತೆಯ ಹೆಸರು ಮಿಲಿಯನ್ ಡಾಲರ್ ಹೈವೇ, ನಡುವೆ 11,018 ಅಡಿಯ ರೆಡ್ ಮೌಂಟನ್ ಪಾಸ್ ಎಂಬ ಕಣಿವೆ ದಾರಿ. ಚಾರ್ಮಾಡಿ ಘಾಟಿ ಓಡಿಸಿದ ಕೈ ನನ್ನದು, ಆದರೂ ಬೆವರಿದೆ. ದಕ್ಷಿಣಕ್ಕೆ ಹೋಗುವವರದು ಪ್ರಪಾತದ ಕಡೆಯ ಲೇನು, ಎಷ್ಟೋ ಕಡೆ ತಡೆಗೋಡೆ ಇಲ್ಲ. ವಾಂತಿ ಬರದಿರಲಿ ಎಂದು ಅವ್ವನನ್ನು ಮುಂದೆ ಕೂರಿಸಿದ್ದೆ. ಅವಳ ಕಿಟಕಿಯಿಂದ ರಸ್ತೆಯೇ ಕಾಣುತ್ತಿರಲಿಲ್ಲ, ಬರೀ ಆಳ. ಕಣ್ಣು ಮುಚ್ಚಿ ಬನಶಂಕರಿಯನ್ನು ನೆನೆಯುತ್ತಾ ಬಂದಳು.

ನೀವು ತಿರುಗಾಮುರುಗಾ ಮಾಡಿ. ಮೋಆಬ್‌ನಿಂದ ಕಾರ್ಟೆಜ್ ಮೇಲೆ ಡುರಾಂಗೋ, ಆಮೇಲೆ ಉತ್ತರಕ್ಕೆ ಸಿಲ್ವರ್‌ಟನ್, ಯೂರೇ. ಆಗ ನಿಮ್ಮ ಲೇನು ಗುಡ್ಡದ ಕಡೆಗೆ. ದಾರಿಯಲ್ಲಿ ಮೇಸಾ ವರ್ಡೆ ನ್ಯಾಷನಲ್ ಪಾರ್ಕೂ ಸಿಗುತ್ತದೆ. ಬಂಡೆಯ ಗುಹೆಯಂಥ ಜಾಗದೊಳಗೆ ಅಲ್ಲಿನ ಮೂಲ ಜನ ಪ್ಯೂಬ್ಲೋಗಳ ಪೂರ್ವಿಕರು ಕಟ್ಟಿದ ಮನೆಗಳನ್ನು ಮೇಲಿನಿಂದಲೇ ನೋಡಬಹುದು, ಏಣಿ ಹತ್ತಬೇಕಾಗಿಲ್ಲ. ಸೆಪ್ಟೆಂಬರ್ ಕೊನೆಗೆ ಹೋದರೆ ಆ ಬೆಟ್ಟಗಳ ಆಸ್ಪೆನ್ ಮರಗಳ ಎಲೆ ಹಳದಿ.

ಪಾರ್ಕುಗಳ ಪ್ರವೇಶದ ಪಾಸಿನ ವಿಷಯ: ಅಮೆರಿಕದ ನಿವಾಸಿಗಳಿಗೆ ವರ್ಷದ ಪಾಸ್ 80 ಡಾಲರ್. 2026ರಿಂದ ಹೊರದೇಶದವರಿಗೆ ದರ ಬೇರೆ, 250. ಹೊರಡುವ ಮೊದಲು ನಿಯಮ ಓದಿಕೊಳ್ಳಿ, ಗುರುತಿನ ಚೀಟಿ ಕೈಯಲ್ಲಿರಲಿ.

ಊಟದ ಕತೆ ಬಾಕಿ. ರೊಟ್ಟಿ ಮೋಆಬ್‌ನಲ್ಲೇ ಖಾಲಿ. ಸಿಲ್ವರ್‌ಟನ್ ತಲುಪಿದ ರಾತ್ರಿ ಕುಕ್ಕರಿನಲ್ಲಿ ಅನ್ನಕ್ಕಿಟ್ಟೆವು. ಆ ಊರು 9,318 ಅಡಿ ಮೇಲಿದೆ, ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ನೀರೆಲ್ಲ ಆರಿ ಕುಕ್ಕರ್ ಆಫ್ ಆಯಿತು, ಅಕ್ಕಿ ಒಳಗೆ ಗಟ್ಟಿ. ಅಕ್ಕಿಯನ್ನು ಮೊದಲೇ ನೆನೆಸಿ, ನೀರು ಜಾಸ್ತಿ ಹಾಕಬೇಕಿತ್ತು. ನಿಮ್ಮ ಕಡೆ ರೊಟ್ಟಿ ರೂಢಿ ಇಲ್ಲದಿದ್ದರೆ ಗೊಜ್ಜವಲಕ್ಕಿ ಪುಡಿ ಇಟ್ಟುಕೊಳ್ಳಿ. ರೊಟ್ಟಿಯೇ ಆದರೆ, ಐದು ಜನಕ್ಕೆ ಎಂಬತ್ತು.